ಒಂದೇ ಸುಳಿಯ ಮರ

ಶಿರಾಳಕೊಪ್ಪದ ಪಕ್ಕದ ತಾಳಗುಂದದಲ್ಲಿ, ಪ್ರಣವೇಶ್ವರ ಗುಡಿಯ ಎದುರಿನ ಕಲ್ಲುಕಂಬದ ಮೇಲೆ, ಕದಂಬರಿಗೆ ಆ ಹೆಸರು ಬಂದ ಬಗೆಯನ್ನು ಕವಿ ಕುಬ್ಜ ಬರೆದಿಟ್ಟಿದ್ದಾನೆ. ಮನೆಯ ಹತ್ತಿರ ಬೆಳೆದಿದ್ದ ಕದಂಬದ ಮರವನ್ನು ಆ ಕುಟುಂಬ ಅಕ್ಕರೆಯಿಂದ ಸಾಕಿತು, ಮರದ ಹೆಸರೇ ಮನೆತನದ ಹೆಸರಾಯಿತು. ಇದು ಐದನೆಯ ಶತಮಾನದಲ್ಲಿ, ಶಾಂತಿವರ್ಮನ ಕಾಲದಲ್ಲಿ ಕೊರೆದ ಮಾತು. ಇವತ್ತು ಶಿಕಾರಿಪುರ, ಸೊರಬದ ಕಡೆ ಎಷ್ಟೋ ಮನೆತನಗಳನ್ನು ಸಾಕುತ್ತಿರುವುದು ಅಡಿಕೆ ಮರ. ಕದಂಬದ ಒಂದು ಕೊಂಬೆ ಮುರಿದರೆ ಇನ್ನೊಂದು ಕಡೆ ಚಿಗುರುತ್ತದೆ. ಅಡಿಕೆಗೆ ಆ ಅವಕಾಶವಿಲ್ಲ. ಕೊಳೆ ಬಂದು ಕೊನೆ ಉದುರಿದರೆ ಆ ವರ್ಷದ ಫಸಲು ಹೋಗುತ್ತದೆ, ಸುಳಿ ಕೊಳೆತರೆ ಮರವೇ ಹೋಗುತ್ತದೆ.

ಕಾರಣ ತಿಳಿಯಬೇಕಾದರೆ ಮರದೊಳಗೆ ಹೊಸ ಜೀವಕೋಶಗಳು ಎಲ್ಲಿ ಹುಟ್ಟುತ್ತವೆ ಎಂದು ನೋಡಬೇಕು. ಮಾವು, ಹಲಸಿನ ತೊಗಟೆಯ ಒಳಗೆ ಕಾಂಡದ ಸುತ್ತಲೂ ವಿಭಜಿಸುತ್ತಲೇ ಇರುವ ಕೋಶಗಳ ತೆಳುವಾದ ಪದರವಿದೆ. ವರ್ಷವರ್ಷವೂ ಕಾಂಡದ ಸುತ್ತಳತೆ ಹೆಚ್ಚುವುದು ಅದರಿಂದ. ಅಡಿಕೆಗೆ ಅಂಥ ಪದರವಿಲ್ಲ, ಇರುವುದು ತುದಿಯ ಒಂದೇ ಸುಳಿ. ಸಸಿ ಮೊದಲ ಕೆಲವು ವರ್ಷ ಎತ್ತರಕ್ಕೆ ಏಳದೆ ಬುಡವನ್ನೇ ದಪ್ಪ ಮಾಡಿಕೊಳ್ಳುತ್ತದೆ. ಆಮೇಲೆ ಸುಳಿಯ ಕೆಳಗೆ ಒಮ್ಮೆ ಎಷ್ಟು ದಪ್ಪ ನಿಗದಿಯಾಯಿತೋ ಕಾಂಡ ಅಷ್ಟೇ. ನೀರು ಸಾಲದ ವರ್ಷ ಸುಳಿ ಸೊರಗಿದರೆ ಆ ಮಟ್ಟದಲ್ಲಿ ಕಾಂಡ ಸಣ್ಣಗಾಗುತ್ತದೆ, ಮುಂದೆ ಎಷ್ಟು ಮಳೆ ಬಂದರೂ ಆ ಜಾಗ ತುಂಬಿಕೊಳ್ಳುವುದಿಲ್ಲ. ತೋಟದಲ್ಲಿ ನಿಂತು ಕಣ್ಣು ಮೇಲಕ್ಕೆ ಹಾಯಿಸಿದರೆ ಬರದ ವರ್ಷ ಎಲ್ಲಿದೆ ಎಂದು ಕಾಣಬಹುದು. ಇನ್ನೂ ಒಂದು ಸಂಗತಿ ನನ್ನನ್ನು ಬೆರಗುಗೊಳಿಸುತ್ತದೆ. ಇಂಥ ಮರಗಳ ಕಾಂಡದ ಒಳಕೋಶಗಳು ಮರ ಇರುವಷ್ಟು ಕಾಲವೂ ಬದುಕಿರುತ್ತವೆ. ಅಜ್ಜ ನೆಟ್ಟ ಮರದ ಬುಡದಲ್ಲಿ ಅಜ್ಜನ ಕಾಲಕ್ಕೆ ಹುಟ್ಟಿದ ಕೋಶಗಳೇ ಇನ್ನೂ ಜೀವ ಹಿಡಿದುಕೊಂಡಿವೆ.

ಸುಳಿಯ ತುದಿಯಲ್ಲಿ ನಡೆಯುವುದು ಮುಖ್ಯವಾಗಿ ವಿಭಜನೆ. ಅಲ್ಲಿನ ಕೋಶಗಳು ತೀರ ಚಿಕ್ಕವು. ಸ್ವಲ್ಪ ಕೆಳಗೆ ಬಂದ ಮೇಲೆ ಅವು ಒಡಲೊಳಗೆ ನೀರು ತುಂಬಿಕೊಂಡು ಹಿಗ್ಗುತ್ತವೆ, ಮರ ಎತ್ತರವಾಗುವುದು ಬಹುಪಾಲು ಈ ಹಿಗ್ಗುವಿಕೆಯಿಂದ. ವಿಭಜನೆಗೆ ಮೊದಲು ಅಡಿಕೆಯ 32 ವರ್ಣತಂತುಗಳು ಪ್ರತಿಯೊಂದೂ ಎರಡಾಗುತ್ತವೆ. ಆ ಎರಡರಲ್ಲಿ ಒಂದು ಆಚೆಗೆ, ಇನ್ನೊಂದು ಈಚೆಗೆ ಸರಿಯುತ್ತದೆ. ಆಮೇಲೆ ಕೋಶದ ನಡುವೆ ಸಣ್ಣ ಸಣ್ಣ ಚೀಲಗಳು ಬಂದು ಕೂಡಿ, ಮಧ್ಯದಿಂದ ಅಂಚಿನ ಕಡೆಗೆ ಹೊಸ ಗೋಡೆ ಏಳುತ್ತದೆ. ದನದ ಕೋಶಕ್ಕಾಗಲಿ ನಮ್ಮ ಕೋಶಕ್ಕಾಗಲಿ ಹೊರಗೋಡೆ ಇಲ್ಲವಾದ್ದರಿಂದ ಅಲ್ಲಿ ದಾರಿ ಬೇರೆ: ಹೊರ ಅಂಚಿನಿಂದಲೇ ಬಿಗಿದುಕೊಂಡು ನಡು ಸಣ್ಣಗಾಗಿ ಎರಡಾಗುತ್ತದೆ.

ಇಷ್ಟು ಗೊತ್ತಾಗಲು ಬಹಳ ಕಾಲ ಹಿಡಿಯಿತು. 1835ರಲ್ಲಿ ಜರ್ಮನಿಯ ಹ್ಯೂಗೋ ಫಾನ್ ಮೋಲ್ ನೀರಿನ ಹಸಿರು ಪಾಚಿಯ ಎಳೆಯಲ್ಲಿ ಒಂದು ಕೋಶ ಎರಡಾಗುವುದನ್ನು ಕಂಡ. ಆದರೂ 1838ರಲ್ಲಿ ಸಸ್ಯಗಳೆಲ್ಲ ಕೋಶಗಳಿಂದಾದವು ಎಂದ ಶ್ಲೈಡನ್, ಹೊಸ ಕೋಶ ಹಳೆಯದರೊಳಗೆ ಹರಳುಗಟ್ಟಿದಂತೆ ಹುಟ್ಟುತ್ತದೆ ಎಂದೇ ನಂಬಿದ್ದ. ಮರುವರ್ಷ ಪ್ರಾಣಿಗಳಿಗೂ ಕೋಶತತ್ತ್ವವನ್ನು ಅನ್ವಯಿಸಿದ ಶ್ವಾನ್ ಕೂಡ ಅದನ್ನೇ ಒಪ್ಪಿದ. ಕೋಶ ಕೋಶದಿಂದಲೇ ಹುಟ್ಟುವುದು ಎಂಬ ಮಾತನ್ನು ಫಿರ್ಕೋ 1855ರಲ್ಲಿ ಗಟ್ಟಿಯಾಗಿ ಹೇಳಿದ. ವರ್ಣತಂತುಗಳು ಪಾಲಾಗುವ ಹಂತಗಳನ್ನು ಸ್ಯಾಲಮ್ಯಾಂಡರಿನ ಮರಿಗಳಲ್ಲಿ ಫ್ಲೆಮಿಂಗ್, ಗಿಡಗಳಲ್ಲಿ ಸ್ಟ್ರಾಸ್‌ಬರ್ಗರ್ ಬಿಡಿಸಿ ತೋರಿಸಿದರು. ಫ್ಲೆಮಿಂಗನ ಪುಸ್ತಕ ಬಂದದ್ದು 1882ರಲ್ಲಿ.

ನಮ್ಮ ಕಡೆಯವರಿಗೆ ಮುಖ್ಯವಾದ ಶೋಧ ಬಂದದ್ದು 1898ರಲ್ಲಿ, ಲಿಲ್ಲಿ ಹೂವಿನಿಂದ. ರಷ್ಯಾದ ನವಾಶಿನ್ ಒಂದೇ ಬೀಜಕ್ಕೆ ಎರಡು ಗರ್ಭಧಾರಣೆ ನಡೆಯುವುದನ್ನು ಕಂಡ. ಒಂದರಿಂದ ಮೊಳಕೆ, ಇನ್ನೊಂದರಿಂದ ಮೊಳಕೆಗೆ ಊಟ. ಅಡಿಕೆಯಲ್ಲೂ ಹೀಗೆಯೇ. ಬುಡದ ಕಡೆಗೆ ಪುಟ್ಟದಾಗಿ ಕೂತಿರುವ ಭ್ರೂಣಕ್ಕೆ ತಾಯಿಯ 16, ತಂದೆಯ 16, ಒಟ್ಟು 32 ವರ್ಣತಂತುಗಳು. ನಾವು ಕತ್ತರಿಸಿ ವೀಳ್ಯದಲ್ಲಿಡುವ ಗಟ್ಟಿ ಭಾಗಕ್ಕೆ ತಾಯಿಯ ಎರಡು ಪಾಲು, ತಂದೆಯ ಒಂದು ಪಾಲು ಸೇರಿ 48. ಶಿವಮೊಗ್ಗದ ಮಂಡಿಯಲ್ಲಿ ಕ್ವಿಂಟಾಲ್ ಲೆಕ್ಕದಲ್ಲಿ ಮಾರುವುದು ಈ ಊಟವನ್ನೇ. ಅದು ಎಂದೂ ಮರವಾಗಲಾರದು.

ಆ ಊಟ ತಯಾರಾಗುವ ರೀತಿಯೂ ವಿಶೇಷ. ಮೊದಲು ಕೋಶಕೇಂದ್ರಗಳು ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ, ನಡುವೆ ಗೋಡೆ ಏಳುವುದಿಲ್ಲ. ಎಳೆ ಅಡಿಕೆ ಸೀಳಿದರೆ ಒಳಗೆ ನೀರೇ ಇರುವುದು ಇದಕ್ಕಾಗಿ, ಎಳನೀರೂ ಇಂಥದ್ದೇ ಸ್ಥಿತಿ. ಹಣ್ಣುನೊಣದ ಮೊಟ್ಟೆಯಲ್ಲೂ ಇದೇ ಉಪಾಯ ಕಾಣುತ್ತದೆ: ಅಲ್ಲಿ 13 ಸುತ್ತು ಕೇಂದ್ರಗಳು ಇಮ್ಮಡಿಯಾದ ಮೇಲೆ ಒಂದೊಂದಕ್ಕೂ ಪೊರೆ ಏಳುತ್ತದೆ. ಅಡಿಕೆಯಲ್ಲಿ ಗೋಡೆಗಳು ಅಂಚಿನಿಂದ ಒಳಗೆ ಬರುತ್ತವೆ, ನೀರು ತಿರುಳಾಗುತ್ತದೆ, ದಿನ ಹೋದಂತೆ ಕೋಶಗೋಡೆಗಳೇ ದಪ್ಪಗಾಗಿ ಅಡಿಕೆ ಕಲ್ಲಿನಂತಾಗುತ್ತದೆ. ಬೀಜದ ಸಿಪ್ಪೆ ಒಳಕ್ಕೆ ಮಡಚಿಕೊಂಡು ಹೋಗಿ ಮಾಡಿದ ಗುರುತುಗಳೇ ಹೋಳಿನ ಮೇಲಿನ ಕಂದು ಗೆರೆಗಳು. ಹಸ, ಬೆಟ್ಟೆ, ಇಡಿ, ಗೊರಬಲು ಎಂದು ಮಂಡಿಯಲ್ಲಿ ವಿಂಗಡಿಸುವಾಗ ಈ ಗೋಡೆಗಳು ಎಷ್ಟು ಬಲಿತಿವೆ ಎಂಬುದೂ ಆ ಲೆಕ್ಕದಲ್ಲಿದೆ. ಕರಾವಳಿಯವರು ಹಣ್ಣಾಗಲು ಬಿಟ್ಟು ಒಣಗಿಸಿ ಚಾಲಿ ಮಾಡುತ್ತಾರೆ. ಮಲೆನಾಡಿನವರು ಹಸಿಯಾಗಿಯೇ ಕೊಯ್ದು, ಸುಲಿದು, ಚೊಗರಿನಲ್ಲಿ ಬೇಯಿಸುತ್ತಾರೆ. ಕೊನೆ ಇಳಿಸುವ ವಾರವನ್ನು ಕಣ್ಣಳತೆಯಲ್ಲೇ ನಿರ್ಧರಿಸುವ ಹಿರಿಯರ ಅಂದಾಜಿಗೆ ನನಗೆ ಬಹಳ ಗೌರವವಿದೆ.

ಇನ್ನು ಸಸಿಯ ಪ್ರಶ್ನೆ. ಬಾಳೆ ಕಂದು ಕೊಡುತ್ತದೆ, ಶುಂಠಿಯನ್ನು ಗಡ್ಡೆಯಿಂದಲೇ ನೆಡಬಹುದು. ಅಡಿಕೆಗೆ ಸಹಜವಾಗಿ ಬೀಜವೊಂದೇ ದಾರಿ. ಹಿಂಗಾರದಲ್ಲಿ ಗಂಡು ಹೂಗಳು ಮೊದಲು ಅರಳಿ ಮುಗಿದು ಆಮೇಲೆ ಹೆಣ್ಣು ಹೂ ಅರಳುವುದರಿಂದ ಪರಾಗ ಸಾಮಾನ್ಯವಾಗಿ ಬೇರೆ ಮರದ್ದು. ಹಾಗಾಗಿ ಎಷ್ಟೇ ಒಳ್ಳೆಯ ತಾಯಿಮರ ಆರಿಸಿದರೂ ಸಸಿ ಅದರ ನಕಲಾಗುವುದಿಲ್ಲ.

ಯಾವುದೇ ಕೋಶದಿಂದ ಇಡೀ ಗಿಡ ಬೆಳೆಸಬಹುದು ಎಂದು ಹಾಬರ್‌ಲಾಂಟ್ 1902ರಲ್ಲೇ ಹೇಳಿದ್ದ. ಅವನ ಪ್ರಯೋಗದ ಕೋಶಗಳು ಬದುಕಿದವು, ಹಿಗ್ಗಿದವು, ವಿಭಜಿಸಲಿಲ್ಲ. ವಿಭಜಿಸು ಎಂದು ಹೇಳುವ ಸಂಕೇತ ಅವನ ಕೈಯಲ್ಲಿರಲಿಲ್ಲ. ಅದರ ಸುಳಿವು ಸಿಕ್ಕಿದ್ದು ತೆಂಗಿನಿಂದ: 1941ರಲ್ಲಿ ಫಾನ್ ಓವರ್‌ಬೀಕ್ ಮತ್ತು ಸಂಗಡಿಗರು ಉಮ್ಮತ್ತದ ಎಳೆ ಭ್ರೂಣಗಳನ್ನು ತೆಂಗಿನ ನೀರು ಹಾಕಿ ಬೆಳೆಸಿದರು. 1955ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಮಿಲ್ಲರ್, ಸ್ಕೂಗ್ ತಂಡ ಕೋಶವಿಭಜನೆಯನ್ನು ಪ್ರಚೋದಿಸುವ ಕೈನೆಟಿನ್ ಕಂಡುಹಿಡಿಯಿತು. ಗಿಡವೇ ಸ್ವತಃ ತಯಾರಿಸುವ ಅಂಥ ವಸ್ತು ಜಿಯಾಟಿನ್. ಅದನ್ನು ಲೆಥಮ್ 1963ರಲ್ಲಿ ಬೇರ್ಪಡಿಸಿದ್ದು ಎಳೆ ಮೆಕ್ಕೆಜೋಳದ ಕಾಳಿನಿಂದ. ಶಿಕಾರಿಪುರದ ಹೊಲಗಳಲ್ಲಿ ಪ್ರತಿ ಮಳೆಗಾಲವೂ ಹಾಲುಗಾಳಾಗಿ ನಿಲ್ಲುವ ಅದೇ ಜೋಳ.

ಅಡಿಕೆ ಮಣಿಯಲು ಇನ್ನೂ ನಾಲ್ಕು ದಶಕ ಬೇಕಾಯಿತು. ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಅನಿತಾ ಕರುಣ್ ಮತ್ತು ಸಂಗಡಿಗರು ಅಡಿಕೆಯ ಎಲೆ ಮತ್ತು ಹಿಂಗಾರದ ತುಣುಕುಗಳಿಂದ ಭ್ರೂಣಗಳನ್ನು ಎಬ್ಬಿಸಿ ಸಸಿ ಪಡೆದ ವರದಿ 2004ರಲ್ಲಿ ಕರೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂತು. ಹಿಂಗಾರದಿಂದ ಆಗುತ್ತದೆ ಎನ್ನುವುದೇ ಇದರಲ್ಲಿ ದೊಡ್ಡ ಮಾತು. ಫಸಲು ಕೊಡುವ ಮರದ ಸುಳಿ ಕತ್ತರಿಸಿದರೆ ತಾಯಿಮರವೇ ಸಾಯುತ್ತದೆ. ಇನ್ನೂ ಬಿಚ್ಚದ ಹಿಂಗಾರ ತೆಗೆದರೆ ಹೋಗುವುದು ಒಂದು ಕೊನೆ. ಹಳದಿ ಎಲೆ ರೋಗದ ತೋಟದಲ್ಲಿ ಸುತ್ತಲಿನವೆಲ್ಲ ಸೊರಗಿದರೂ ಹಸಿರಾಗಿ ನಿಂತ ಮರಗಳನ್ನು, ಕೊಯ್ಲಿಗೆ ಸುಲಭವಾದ ಗಿಡ್ಡ ತಳಿಯ ಮಿಶ್ರಗಳನ್ನು ಹೆಚ್ಚಿಸಲು ಈ ದಾರಿ ಹಿಡಿಯಲಾಗಿದೆ.

ಆದರೆ ಒಂದೇ ಮರದ ನಕಲುಗಳಿಂದ ಇಡೀ ತೋಟ ತುಂಬುವುದನ್ನು ನಾನು ಒಪ್ಪಲಾರೆ. ಒಂದನ್ನು ಹಿಡಿದ ರೋಗ ಎಲ್ಲವನ್ನೂ ಹಿಡಿದೀತು. ಹಲವು ತಾಯಿಮರಗಳ ನಕಲುಗಳನ್ನು ಬೆರೆಸಿ ನೆಡಬೇಕು, ನಡುವೆ ಬೀಜದ ಸಸಿಗಳೂ ಇರಬೇಕು. ಬೀಜಕ್ಕೆ ಹಣ್ಣಾದ ಗೋಟನ್ನೇ ಆರಿಸಿ ನೀರಿಗೆ ಹಾಕಿ ನೋಡಿ: ತೊಟ್ಟಿನ ಕಡೆ ಮೇಲೆ ಮಾಡಿ ನೆಟ್ಟಗೆ ತೇಲುವ ಕಾಯಿಗಳಿಂದ ಬಲವಾದ ಸಸಿ ಬರುತ್ತದೆ ಎನ್ನುತ್ತಾರೆ ಅಡಿಕೆ ತಜ್ಞರು.