ಅತಿಥಿಗಳಿಗೆ ಕೋಣೆ ಕೊಡುವ ಮನೆಯಲ್ಲಿ ಹಸೆ ಚಿತ್ತಾರ

ಸಾಗರ, ಸೊರಬ, ಹೊಸನಗರ ಮತ್ತು ಸಿದ್ದಾಪುರ ತಾಲ್ಲೂಕುಗಳಲ್ಲಿ ಅಡಿಕೆ, ಭತ್ತ ಬೆಳೆಯುವ ಕೆಲವು ಕುಟುಂಬಗಳು ಮನೆಯ ಒಂದೆರಡು ಕೋಣೆಗಳನ್ನು ಪೇಟೆಯಿಂದ ಬರುವ ಅತಿಥಿಗಳಿಗೆ ಬಾಡಿಗೆಗೆ ಕೊಟ್ಟು, ಬೆಳಗಿನ ತಿಂಡಿಯನ್ನು ಮನೆಯಲ್ಲಿಯೇ ಬಡಿಸುತ್ತಿವೆ. ಹೋಂಸ್ಟೇ ಎಂಬ ಹೆಸರಿನಿಂದ ಇದು ಎಲ್ಲರಿಗೂ ಪರಿಚಿತವಾಗಿದೆ. ಜೋಗ ಜಲಪಾತ, ಇಕ್ಕೇರಿ ಮತ್ತು ಕೆಳದಿಯ ದೇವಾಲಯಗಳನ್ನು ನೋಡಲು ಬರುವವರು, ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಂ ಸಂಸ್ಥೆಯ ನಾಟಕಗಳಿಗೆ ಬರುವವರು ಇಂತಹ ಮನೆಗಳನ್ನು ಹುಡುಕುತ್ತಾರೆ. ಇವರಲ್ಲಿ ಹಲವರಿಗೆ ಬೇಕಾದದ್ದು ಹೋಟೆಲಿನ ಸೌಕರ್ಯವಲ್ಲ. ಆ ಊರಿನದೇ ಆದ ಊಟ, ಆ ಊರಿನದೇ ಆದ ಮನೆ.

ಇದನ್ನು ತಿಳಿದ ಕೆಲವರು ಅತಿಥಿಗಳ ಕೋಣೆಯನ್ನು ಚಿತ್ರಗಳಿಂದ ಅಲಂಕರಿಸಲು ಮುಂದಾಗಿದ್ದಾರೆ. ಆದರೆ ಪೇಟೆಯಿಂದ ಅಚ್ಚಿನ ಚಿತ್ರ ತಂದು ತೂಗುಹಾಕುವುದೂ, ಅದೇ ಊರಿನಲ್ಲಿ ಹಳೆಯ ಮಣ್ಣಿನ ಗೋಡೆ ಕೆಡವಿ ಅದರ ಮೇಲಿದ್ದ ಚಿತ್ತಾರವನ್ನು ಗುದ್ದಲಿಯಿಂದ ಕೆರೆದು ಹಾಕುವುದೂ ಒಟ್ಟೊಟ್ಟಿಗೆ ನಡೆಯುತ್ತಿವೆ. ನಮ್ಮಲ್ಲಿಯೇ ಇರುವ ಕಲೆಯನ್ನು ಅತಿಥಿಗಳ ಮನೆಗೆ ಹೇಗೆ ಬಳಸಬಹುದು, ಅದನ್ನು ಬರೆಯುವ ಹೆಂಗಸರಿಗೆ ಅದರಿಂದ ಏನು ದೊರೆಯಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹಸೆ ಚಿತ್ತಾರ ಎಂದರೇನು?

ಇದು ಮಲೆನಾಡಿನ ದೀವರ ಸಮುದಾಯದ ಹೆಂಗಸರು ಬರೆಯುವ ಗೋಡೆ ಚಿತ್ರ. ಮದುವೆಯಲ್ಲಿ ವಧೂವರರು ಕೂರುವ ಹಸೆಯ ಹಿಂದಿನ ಗೋಡೆಗೆ ಇದನ್ನು ಬರೆಯುವುದರಿಂದ ಈ ಹೆಸರು. ಕೆಮ್ಮಣ್ಣು ಬಳಿದ ನೆಲದ ಮೇಲೆ ಅಕ್ಕಿಹಿಟ್ಟಿನ ಬಿಳಿ ಎಳೆಗಳನ್ನು ನೇರವಾಗಿ, ಅಡ್ಡಲಾಗಿ, ಓರೆಯಾಗಿ ಎಳೆದು ಚೌಕಗಳನ್ನು ಕಟ್ಟುತ್ತಾರೆ. ಅವುಗಳ ನಡುವೆ ದಂಡಿಗೆ, ಬಾಸಿಂಗ, ಹಕ್ಕಿ, ಗೊಂಬೆ, ಹೂಬಳ್ಳಿಗಳು ಬರುತ್ತವೆ. ಅಳತೆಪಟ್ಟಿ ಹಿಡಿಯದೆ ಎಳೆದ ಗೆರೆಗಳ ಅಂತರ ಅಷ್ಟು ಸಮನಾಗಿರುವುದು ಕೈ ಪಳಗಿದ್ದರೆ ಮಾತ್ರ ಸಾಧ್ಯ.

ರೈತರಿಗೆ ಇದರ ಇನ್ನೊಂದು ರೂಪ ಹೆಚ್ಚು ಹತ್ತಿರದ್ದು. ಆಶ್ವೀಜದ ಭೂಮಿ ಹುಣ್ಣಿಮೆಯಲ್ಲಿ ಬಸಿರಾದ ಭತ್ತದ ಪೈರಿಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರವಿರುತ್ತದೆ. ಬುಟ್ಟಿಗೆ ಸಗಣಿ ಮತ್ತು ಕೆಮ್ಮಣ್ಣು ಬಳಿದು ಒಣಗಿಸಿ, ಮೇಲೆ ಬಿಳಿ ಬಣ್ಣದಲ್ಲಿ ಬರೆಯುತ್ತಾರೆ.

ಬಣ್ಣ ಮತ್ತು ಕುಂಚ

ಬಣ್ಣಗಳೆಲ್ಲವೂ ಹಿತ್ತಲು ಮತ್ತು ಗದ್ದೆಯಿಂದ ಬರುವಂಥವು. ಬಿಳಿಗೆ ಅಕ್ಕಿಯನ್ನು ನೆನೆಸಿ ನುಣ್ಣಗೆ ರುಬ್ಬಿ ಬಟ್ಟೆಯಲ್ಲಿ ಸೋಸಬೇಕು. ಕಪ್ಪಿಗೆ ಅಕ್ಕಿಯನ್ನು ಪೂರ್ತಿ ಕರಿಯಾಗುವವರೆಗೆ ಹುರಿದು, ನೀರಿನಲ್ಲಿ ನೆನೆಸಿ ಅರೆಯಬೇಕು. ಹಳದಿಯನ್ನು ಗುರಿಗೆ ಕಾಯಿಯಿಂದ ತೆಗೆಯುತ್ತಾರೆ. ಕೆಂಪಿಗೆ ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಕಲ್ಲುಮರಳು ತಳಕ್ಕಿಳಿದ ಮೇಲೆ ಮೇಲಿನ ತಿಳಿ ಕೆಸರನ್ನು ಬೇರೆ ಪಾತ್ರೆಗೆ ಬಸಿದುಕೊಳ್ಳಬೇಕು. ಅಕ್ಕಿಯ ಬಣ್ಣ ಬೇಗ ಹುಳಿಯುವುದರಿಂದ ಅಂದಂದಿಗೆ ಬೇಕಾದಷ್ಟನ್ನೇ ಮಾಡಿಕೊಳ್ಳುವುದು ಉತ್ತಮ. ಕುಂಚಕ್ಕೆ ಪುಂಡಿ ನಾರು ಬೇಕು. ಪುಂಡಿ ಬೆಳೆಯುವುದನ್ನೇ ಬಿಟ್ಟ ಊರುಗಳಲ್ಲಿ ಈಗ ಕುಂಚಕ್ಕೂ ಪರದಾಟ. ಹಿತ್ತಲಿನಲ್ಲಿ ಒಂದು ಸಾಲು ಪುಂಡಿ ಹಾಕಿಕೊಂಡರೆ ಸೊಪ್ಪು ಅಡಿಗೆಗಾಯಿತು, ನಾರು ಕುಂಚಕ್ಕಾಯಿತು.

ಗೋಡೆಯ ಸಿದ್ಧತೆ

ಈ ಬಣ್ಣಗಳು ಮಣ್ಣಿನ ಗೋಡೆಗೆ ಒಗ್ಗಿದವು. ಮೊದಲು ಸಡಿಲವಾದ ಹೆಪ್ಪಳಿಕೆಗಳನ್ನು ಕೆರೆದು ತೆಗೆದು, ಬಿರುಕುಗಳನ್ನು ಮಣ್ಣಿನಿಂದ ಮುಚ್ಚಬೇಕು. ಆಮೇಲೆ ಕೆಮ್ಮಣ್ಣು ಮತ್ತು ಸಗಣಿಯ ತೆಳು ಲೇಪ ಕೊಟ್ಟು ಸಂಪೂರ್ಣ ಒಣಗಲು ಬಿಡಬೇಕು. ಹಸಿ ಗೋಡೆಯ ಮೇಲೆ ಬರೆದರೆ ಎಳೆ ಹರಡಿಕೊಳ್ಳುತ್ತದೆ.

ಚಿತ್ರ ಬಾಳಿಕೆ ಬರಲೆಂದು ಮೇಲೆ ವಾರ್ನಿಷ್ ಬಳಿಯುವುದನ್ನು ಕೆಲವರು ಸೂಚಿಸುತ್ತಾರೆ. ಇದು ಸರಿಯಲ್ಲ. ಮಣ್ಣಿನ ಗೋಡೆ ಮಳೆಗಾಲದಲ್ಲಿ ತೇವ ಹೀರಿ ಬಿಸಿಲಿನಲ್ಲಿ ಬಿಡುತ್ತದೆ. ವಾರ್ನಿಷ್ ಈ ದಾರಿಯನ್ನು ಮುಚ್ಚುವುದರಿಂದ ಒಳಗೆ ಉಳಿದ ತೇವ ಮೇಲಿನ ಪದರವನ್ನೇ ಚಿತ್ರಸಮೇತ ಎಬ್ಬಿಸುತ್ತದೆ. ಚಿತ್ತಾರ ಮಾಸುವುದು ದೋಷವಲ್ಲ. ಮುಂದಿನ ಮದುವೆಗೆ ಮತ್ತೆ ಬರೆಯಲೆಂದೇ ಅದು ಇರುವುದು. ಮಾಸಿದ ಗೋಡೆ ಎಂದರೆ ಬರೆಯುವವರಿಗೆ ಮತ್ತೆ ಕೆಲಸ ಎಂಬುದನ್ನೂ ನೆನಪಿಡಬೇಕು.

ಸಿಮೆಂಟ್ ಗೋಡೆಯಾದರೆ ಅಕ್ಕಿಹಿಟ್ಟು ಮತ್ತು ಕೆಮ್ಮಣ್ಣು ಸರಿಯಾಗಿ ಹಿಡಿಯುವುದಿಲ್ಲ. ಅಂತಹ ಮನೆಗಳಲ್ಲಿ ಹಲಗೆ ಅಥವಾ ದಪ್ಪ ಬಟ್ಟೆಗೆ ಕೆಮ್ಮಣ್ಣು ಬಳಿದು ಅದರ ಮೇಲೆ ಬರೆಸಿ ಗೋಡೆಗೆ ತೂಗುಹಾಕಬಹುದು. ಅಂಗಡಿಯ ಬಣ್ಣದಿಂದ ನೇರ ಗೋಡೆಗೆ ಬರೆಸುವುದೂ ಉಂಟು. ಅದರಲ್ಲಿ ತಪ್ಪಿಲ್ಲ, ಆದರೆ ಅತಿಥಿಗಳಿಗೆ ಅದನ್ನು ಅಕ್ಕಿಯ ಬಣ್ಣವೆಂದು ಹೇಳಬಾರದು.

ಚಿತ್ತಾರವಿರುವ ಗೋಡೆಗೆ ತಾಗುವಂತೆ ಮಂಚ, ಕುರ್ಚಿ ಹಾಕದೆ ಒಂದು ಗೇಣು ಜಾಗ ಬಿಡಬೇಕು. ನೆಲದಿಂದ ಒಂದೂವರೆ ಅಡಿಯವರೆಗೆ ಬರೆಸದಿದ್ದರೆ ನೆಲ ಒರೆಸುವಾಗ ನೀರು ತಾಗದು. ಹೊರಗಿನ ಗೋಡೆಯಾದರೆ ಮಳೆಯ ಎರಚಲು ತಡೆಯುವಷ್ಟು ಸೂರು ಮುಂದೆ ಚಾಚಿರಬೇಕು. ಅಕ್ಕಿಯ ಅಂಶಕ್ಕೆ ಜಿರಲೆ ಬರುವುದರಿಂದ ಆ ಕೋಣೆಯಲ್ಲಿ ತಿಂಡಿ ತಿನಿಸು ಇಡದಿರುವುದು ಲೇಸು.

ಹೆಂಗಸರ ದುಡಿಮೆಯ ಲೆಕ್ಕ

ಈ ಉದ್ಯಮದ ಖರ್ಚು ಬರೆಯುವಾಗ ಯಜಮಾನರು ತರಕಾರಿ, ಗ್ಯಾಸ್, ವಿದ್ಯುತ್ತು ಎಲ್ಲವನ್ನೂ ಬರೆಯುತ್ತಾರೆ. ಬೆಳಿಗ್ಗೆ 5 ಗಂಟೆಗೆ ಎದ್ದು ಕಡುಬು ಬೇಯಿಸುವವರ, ಆಷಾಢದ ಮಳೆಯಲ್ಲಿ ಅತಿಥಿಗಳ ಹೊದಿಕೆ ಒಗೆದು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸುವವರ ಕೂಲಿಯನ್ನು ಮಾತ್ರ ಬರೆಯುವುದಿಲ್ಲ. ಹೀಗಾಗಿ ಕಾಗದದ ಮೇಲೆ ಲಾಭ ಕಾಣುತ್ತದೆ. ನಾಟಿಯ ಕಾಲದಲ್ಲಿ ಅತಿಥಿಗಳು ಬಂದರೆ ಮನೆಯ ಹೆಂಗಸರಿಗೆ ಗದ್ದೆಯ ಕೆಲಸ, ಅಡಿಗೆಯ ಕೆಲಸ ಎರಡೂ ಒಟ್ಟಿಗೆ ಬೀಳುತ್ತವೆ. ಚಿತ್ತಾರ ಬರೆಯುವವರೂ ಅವರೇ ಆಗಿದ್ದರೆ ಮೂರನೆಯದೂ ಸೇರಿತು. ಆದ್ದರಿಂದ ಕೋಣೆಯ ಬಾಡಿಗೆ ನಿಗದಿ ಮಾಡುವ ಮೊದಲು, ಒಂದು ದಿನ ಒಬ್ಬ ಅತಿಥಿಗಾಗಿ ಮನೆಯವರ ಎಷ್ಟು ಗಂಟೆ ಖರ್ಚಾಗುತ್ತದೆ ಎಂಬುದನ್ನು ಒಂದು ವಾರ ಬರೆದಿಟ್ಟು ನೋಡಬೇಕು. ಮಳೆಗಾಲದಲ್ಲಿ ಹಾಸಿಗೆಯೊಂದಕ್ಕೆ 3 ಜೊತೆ ಹೊದಿಕೆ ಇಟ್ಟುಕೊಂಡರೆ ಒಣಗಿಸುವ ಗಡಿಬಿಡಿ ಕಡಿಮೆಯಾಗುತ್ತದೆ.

ಚಿತ್ತಾರದ ಹಣವನ್ನು ಬಾಡಿಗೆಯ ಹಣದಲ್ಲಿ ಬೆರೆಸಬಾರದು. ಗೋಡೆ ಬರೆದದ್ದಕ್ಕೆ, ಅತಿಥಿಗಳಿಗೆ ಎರಡು ಗಂಟೆ ಕೂತು ಕಲಿಸಿಕೊಟ್ಟದ್ದಕ್ಕೆ, ಮಾರಿದ ಬುಟ್ಟಿ ಅಥವಾ ಹಲಗೆಗೆ ಬೇರೆ ಬೇರೆ ದರವಿಟ್ಟು, ಅದನ್ನು ಬರೆದವರ ಬ್ಯಾಂಕ್ ಖಾತೆಗೇ ಜಮಾ ಮಾಡುವುದು ಸರಿಯಾದ ಕ್ರಮ. ಮನೆಯ ಸೊಸೆಯೇ ಬರೆದರೂ ಈ ಮಾತು ಅನ್ವಯಿಸುತ್ತದೆ. ಬೇರೆ ಸಮುದಾಯದ ಮನೆಗಳವರು ಪುಸ್ತಕ ನೋಡಿ ನಕಲು ಮಾಡಿಸುವ ಬದಲು, ಊರಿನಲ್ಲಿ ಬರೆಯಬಲ್ಲ ಹಿರಿಯ ಹೆಂಗಸರನ್ನು ಗೌರವದಿಂದ ಕರೆದು ಬರೆಸಬೇಕು. ಗೋಡೆಯ ಪಕ್ಕದಲ್ಲಿ ಅವರು ಒಪ್ಪಿದರೆ ಅವರ ಹೆಸರು, ಊರು ಇರಲಿ. ಪಕ್ಕದ ಮನೆಯ ಹುಡುಗಿಯೊಬ್ಬಳನ್ನು ಅವರ ಜೊತೆ ಕುಂಚ ಹಿಡಿಯಲು ಕೂರಿಸಿದರೆ ಇನ್ನೂ ಒಳ್ಳೆಯದು. ಅಜ್ಜಿಯ ಕೈ ನಿಂತ ದಿನ ಆ ಊರಿನ ಎಳೆಯೂ ನಿಂತುಹೋಗುವ ಸ್ಥಿತಿ ಹಲವೆಡೆ ಇದೆ.

ನಿಯಮಗಳು

ಹೋಂಸ್ಟೇ ಆರಂಭಿಸುವವರು ಪ್ರವಾಸೋದ್ಯಮ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ ನೋಂದಣಿ ಮಾಡಿಸಿಕೊಳ್ಳಬೇಕು. ಮನೆಯವರು ಅದೇ ಮನೆಯಲ್ಲಿ ವಾಸವಾಗಿರುವುದು ಮುಖ್ಯ ಷರತ್ತು. ಬಂದವರ ಹೆಸರು, ವಿಳಾಸ, ಗುರುತಿನ ಚೀಟಿಯ ವಿವರಗಳನ್ನು ಪುಸ್ತಕದಲ್ಲಿ ದಾಖಲಿಸಬೇಕು. ವಿದೇಶಿಯರು ತಂಗಿದರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ ತಿಳಿಸುವುದು ಕಡ್ಡಾಯ. ಇಟಲಿ ದೇಶವು ರೈತರ ಮನೆಗಳ ಪ್ರವಾಸೋದ್ಯಮಕ್ಕೆ 1985ರಲ್ಲಿ ಕಾನೂನು ಮಾಡಿದಾಗ ಬೇಸಾಯವೇ ಪ್ರಧಾನ ಕಸುಬಾಗಿ ಉಳಿಯಬೇಕೆಂದು ವಿಧಿಸಿತು. ನಮ್ಮಲ್ಲಿಯೂ ತೋಟ ಹಾಳುಬಿಟ್ಟು ಕೋಣೆ ಕಟ್ಟುವ ಮೊದಲು ಇದನ್ನು ಯೋಚಿಸಬೇಕು.

ಮಂಗನ ಕಾಯಿಲೆಯ ಎಚ್ಚರಿಕೆ

ಅತಿಥಿಗಳು ಚಿತ್ತಾರ ನೋಡಿದ ಮೇಲೆ ಕಾಡು ನೋಡಲು ಹೊರಡುತ್ತಾರೆ. ಇಲ್ಲಿ ಆತಿಥೇಯರ ಹೊಣೆ ದೊಡ್ಡದು. ಮಂಗನ ಕಾಯಿಲೆಯನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಇದರಿಂದ ಸಾವುಗಳು ಸಂಭವಿಸಿದವು. ಸೋಂಕುಳ್ಳ ಉಣುಗು ಕಚ್ಚುವುದರಿಂದ ಇದು ಹರಡುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಹಾವಳಿ ಹೆಚ್ಚು. ಈ ಅವಧಿಯಲ್ಲಿ ರೋಗ ಕಂಡ ಪ್ರದೇಶದ ಕಾಡಿಗೆ ಅತಿಥಿಗಳನ್ನು ಕರೆದೊಯ್ಯಬಾರದು. ಉಳಿದೆಡೆ ಹೋಗುವಾಗಲೂ ಮೈ ತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದವರು ಸೂಚಿಸುವ ಉಣುಗು ನಿರೋಧಕ ತೈಲ ಹಚ್ಚಿಕೊಳ್ಳಬೇಕು. ಹಿಂದಿರುಗಿದ ಕೂಡಲೇ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ ಬಟ್ಟೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ ಮಲೆನಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳುವಂತೆ ಅತಿಥಿಗಳಿಗೆ ತಿಳಿಸಬೇಕು. ಬುಕಿಂಗ್ ಕೈಬಿಟ್ಟುಹೋಗುತ್ತದೆಂದು ಇದನ್ನು ಮುಚ್ಚಿಡುವುದು ಅಪರಾಧಕ್ಕೆ ಸಮ.

ಕೆಲಸ ಆರಂಭಿಸುವ ಕಾಲ

ಗೋಡೆಯ ಕೆಲಸಕ್ಕೆ ಭತ್ತದ ಒಕ್ಕಲು ಮುಗಿದ ಮೇಲಿನ ಒಣ ದಿನಗಳು ಸೂಕ್ತ. ಆಗ ಲೇಪ ಚೆನ್ನಾಗಿ ಒಣಗುತ್ತದೆ, ಬರೆಯುವವರಿಗೂ ಗದ್ದೆಯ ಕೆಲಸ ಕಡಿಮೆ. ಬೇಸಿಗೆಯ ಮದುವೆಗಳು ಆರಂಭವಾದ ಮೇಲೆ ಕರೆದರೆ ಅವರು ಸಿಗುವುದು ಕಷ್ಟ. ಮೊದಲ ವರ್ಷ ಒಂದೇ ಕೋಣೆಯ ಒಂದೇ ಗೋಡೆಗೆ ಬರೆಸಿ, ಒಂದು ಮಳೆಗಾಲ ಅದು ಹೇಗೆ ತಾಳುತ್ತದೆಂದು ನೋಡಿಕೊಂಡು ಉಳಿದ ಗೋಡೆಗಳಿಗೆ ಕೈಹಾಕಬೇಕು.