ಅಣಬೆಗೊಂದು ಮನೆ

ಮುಂಗಾರು ಮಳೆ ಬಿತ್ತು ಅಂದ್ರೆ ಹುತ್ತದ ಬಳಿ ಅಣಬೆ ಏಳುತ್ತದೆ. ನಮ್ಮ ನಂಗಲಿ ಕಡೆ ಮಕ್ಕಳು ಬುಟ್ಟಿ ಹಿಡಿದು ಹುಡುಕಲು ಹೋಗುತ್ತಾರೆ. ತಿಳಿದ ಅಜ್ಜಿ ಆರಿಸಿ ಕೊಡುತ್ತಾಳೆ. "ಇದು ತಿನ್ನೋದು, ಇದು ನಾಯಿಕೊಡೆ, ಬಿಸಾಕು" ಅಂತಾಳೆ. ನಾಲ್ಕು ದಿನ ಬಿಸಿಲು ಕಾದರೆ ಆಯಿತು. ಆಮೇಲೆ ಹುಡುಕಿದರೂ ಸಿಗಲ್ಲ.

ಯಾಕೆ ಹೀಗೆ? ಅಣಬೆ ಗಿಡ ಅಲ್ಲ. ಅದಕ್ಕೆ ಹಸಿರು ಎಲೆ ಇಲ್ಲ. ಬಿಸಿಲಿನಿಂದ ಊಟ ಮಾಡಿಕೊಳ್ಳಲು ಅದಕ್ಕೆ ಬರಲ್ಲ. ಹುಲ್ಲು, ಸೌದೆ, ಕಸ ಇವುಗಳಿಂದಲೇ ಅದರ ಊಟ. ತಂಪು, ನೆರಳು, ತೇವದ ಗಾಳಿ ಇದ್ದರೆ ಮಾತ್ರ ಅದು ಏಳುತ್ತದೆ. ಇವನ್ನೆಲ್ಲ ಒಂದು ಕೋಣೆಯೊಳಗೆ ತಂದರೆ ಮಳೆ ಇಲ್ಲದಾಗಲೂ ಬೆಳೆಯಬಹುದು. ಆ ಕೋಣೆಯೇ ಅಣಬೆ ಮನೆ.

ನಾವು ಮೊದಲು ಕಟ್ಟಿದ ಅಣಬೆ ಮನೆ ಕೆಟ್ಟಿತು. ಅದನ್ನು ಹೇಳಿಯೇ ಮುಂದೆ ಹೋಗುತ್ತೇವೆ. ನಾವು ಅಂದ್ರೆ ಸಂಜೆ ಓದಲು ಬರುವ ಅಕ್ಕಂದಿರು ಮತ್ತು ಪಾಠ ಹೇಳುವ ನಾವಿಬ್ಬರು. ಸಂಘದ ಉಳಿತಾಯದಿಂದ ಸಾಲ ತೆಗೆದೆವು. ಬಯಲಲ್ಲಿ ಗೋಡೆ ಎತ್ತಿ ತಗಡು ಹೊದಿಸಿದೆವು. "ತಗಡು ಗಟ್ಟಿ, ಹತ್ತು ವರ್ಷ ಬರುತ್ತೆ" ಅಂದುಕೊಂಡೆವು. ಮಾರ್ಚ್ ತಿಂಗಳಲ್ಲಿ ನಲವತ್ತು ಚೀಲ ಕಟ್ಟಿದೆವು. ಮಧ್ಯಾಹ್ನ ಒಳಗೆ ಹೋದರೆ ಮೈ ಸುಡುತ್ತಿತ್ತು. ಹದಿನೈದು ದಿನಕ್ಕೆ ಚೀಲ ಬೆಳ್ಳಗಾಗಬೇಕಿತ್ತು. ಹಸಿರು ಬೂಷ್ಟು ಬಂತು, ನಾತ ಹೊಡೆಯಿತು. ನಲವತ್ತನ್ನೂ ತಿಪ್ಪೆಗೆ ಹಾಕಿದೆವು. ಸಾಲದ ಕಂತು ಮಾತ್ರ ತಪ್ಪದೆ ಕಟ್ಟಬೇಕಾಯಿತು.

ಆಮೇಲೆ ಒಬ್ಬ ಅಕ್ಕ ಒಂದು ಮಾತು ಕೇಳಿದಳು. ಅವರ ಮನೆಯಲ್ಲಿ ಮೊದಲಿನಿಂದಲೂ ರೇಷ್ಮೆ ಹುಳು ಮೇಯಿಸುತ್ತಾರೆ. "ಹುಳುವಿಗೆ ಇಂಥ ಮನೆ ಕಟ್ತೀವಾ?" ಅಂದಳು. ನಮಗೆ ನಾಚಿಕೆ ಆಯಿತು. ಕೋಲಾರದ ರೈತರಿಗೆ ರೇಷ್ಮೆ ಮನೆ ಹೊಸದಲ್ಲ. ಸೆಕೆ ಆದರೆ ಗೋಣಿತಾಟು ನೆನೆಸಿ ಕಟ್ಟುವುದು, ಕಿಟಕಿಗೆ ಜಾಲರಿ ಹೊಡೆಯುವುದು, ಕಾಲು ತೊಳೆದು ಒಳಗೆ ಹೋಗುವುದು, ಎಲ್ಲಾ ಗೊತ್ತು. ಅಣಬೆಗೂ ಹೆಚ್ಚು ಕಡಿಮೆ ಅದೇ ಬೇಕು. ಗೊತ್ತಿದ್ದ ವಿದ್ಯೆ ಬಿಟ್ಟು ನಾವು ತಗಡಿಗೆ ದುಡ್ಡು ಸುರಿದಿದ್ದೆವು!

ಈಗ ಮನೆ ಕಟ್ಟುವ ಬಗೆ ನೋಡೋಣ.

ಮರದ ನೆರಳು ಇರುವ ಜಾಗ ಆರಿಸಿ. ಹೊಂಗೆ ಮರ ಆದರೆ ಒಳ್ಳೆಯದು. ನೀರು ಹತ್ತಿರ ಇರಲಿ. ದನದ ಕೊಟ್ಟಿಗೆ, ತಿಪ್ಪೆ ದೂರ ಇರಲಿ, ಯಾಕಂದ್ರೆ ನೊಣ ಅಲ್ಲಿಂದಲೇ ಬರುತ್ತೆ. ಮನೆಯ ಉದ್ದ ಪೂರ್ವ ಪಶ್ಚಿಮಕ್ಕೆ ಇರಲಿ. ಆಗ ಬೆಳಗಿನ ಬಿಸಿಲು, ಸಂಜೆಯ ಬಿಸಿಲು ಚಿಕ್ಕ ಗೋಡೆಗೆ ಮಾತ್ರ ಬೀಳುತ್ತದೆ.

ಇಪ್ಪತ್ತು ಅಡಿ ಉದ್ದ, ಹನ್ನೆರಡು ಅಡಿ ಅಗಲ ಇದ್ದರೆ ನೂರು ಚೀಲಕ್ಕೆ ಧಾರಾಳ. ಮಣ್ಣಿನ ಗೋಡೆ ಸಾಕು. ಮೇಲೆ ತೆಂಗಿನ ಗರಿ ಇಲ್ಲವೆ ಹುಲ್ಲು ದಪ್ಪಗೆ ಹೊದಿಸಿ. ತಗಡು ಆಗಲೇ ಇದ್ದರೆ ಕಿತ್ತುಹಾಕಬೇಡಿ. ಅದರ ಮೇಲೆ ಗರಿ ಹೊದಿಸಿ, ಕೆಳಗೆ ಗೋಣಿತಾಟು ಕಟ್ಟಿ. ನಾವೂ ಹಾಗೇ ಮಾಡಿದೆವು. ನೆಲಕ್ಕೆ ನಾಲ್ಕು ಬೆರಳು ದಪ್ಪ ಮರಳು ಹಾಕಿ ನೆನೆಸಿದರೆ ಒಳಗೆ ತೇವ ನಿಲ್ಲುತ್ತದೆ.

ಮನೆಯೊಳಗೆ ಎರಡು ಕೋಣೆ ಮಾಡಿ. ಚಿಕ್ಕದು ಕತ್ತಲೆ ಕೋಣೆ. ಬೀಜ ಹಾಕಿದ ಚೀಲ ಅಲ್ಲಿ ಹದಿನೈದರಿಂದ ಇಪ್ಪತ್ತು ದಿನ ಇರುತ್ತದೆ. ದೊಡ್ಡದು ಬೆಳೆ ಕೋಣೆ. ಇದಕ್ಕೆ ಕಿಟಕಿ ಬೇಕು, ಕಿಟಕಿಗೆ ಸಣ್ಣ ಕಣ್ಣಿನ ನೈಲಾನ್ ಜಾಲರಿ ಬೇಕು. ಒಳಗೆ ಈ ಪುಸ್ತಕ ಓದುವಷ್ಟು ಬೆಳಕಿದ್ದರೆ ಸಾಕು. ಚೀಲಗಳನ್ನು ನೆಲುವಿನ ಹಾಗೆ ಹಗ್ಗದಲ್ಲಿ ತೂಗುಹಾಕಿ. ಒಂದಕ್ಕೊಂದು ತಾಗದಿರಲಿ, ನಡುವೆ ಓಡಾಡಲು ದಾರಿ ಇರಲಿ.

ಯಾವ ಅಣಬೆ ಬೆಳೆಯೋದು? ಪೇಟೆಯಲ್ಲಿ ಕಾಣುವ ಗುಂಡಗಿನ ಬಟನ್ ಅಣಬೆಗೆ 14ರಿಂದ 18 ಡಿಗ್ರಿ ತಂಪು ಬೇಕು. ಅದಕ್ಕೆ ಯಂತ್ರ ಬೇಕು, ಕರೆಂಟು ಬೇಕು. ನಮಗೆ ಬೇಡ. ಚಿಪ್ಪು ಅಣಬೆಗೆ 20ರಿಂದ 28 ಡಿಗ್ರಿ ಸಾಕು. ಮಳೆಗಾಲ, ಚಳಿಗಾಲದಲ್ಲಿ ನಮ್ಮ ಕಡೆ ಚೆನ್ನಾಗಿ ಬರುತ್ತದೆ. ಬೇಸಿಗೆ ತಡೆಯುವ ಹಾಲು ಅಣಬೆಯೂ ಉಂಟು. ಅದಕ್ಕೆ ಚೀಲದ ಮೇಲೆ ಮಣ್ಣಿನ ಹೊದಿಕೆ ಕೊಡಬೇಕು. ಅದನ್ನು ಆಮೇಲೆ ಕಲಿಯೋಣ.

ಚೀಲ ಕಟ್ಟುವ ಕೆಲಸ ಕಷ್ಟವಲ್ಲ, ಚೊಕ್ಕಟ ಬೇಕು ಅಷ್ಟೇ. ಹೊಸ ಭತ್ತದ ಹುಲ್ಲನ್ನು ಎರಡು ಅಂಗುಲದ ತುಂಡು ಮಾಡಿ. ಮಳೆಗೆ ನೆನೆದ ಹಳೆ ಹುಲ್ಲು ಬೇಡ. ರಾತ್ರಿಯೆಲ್ಲ ನೀರಲ್ಲಿ ನೆನೆಸಿ. ಬೆಳಿಗ್ಗೆ ಹಂಡೆಯಲ್ಲಿ ಒಂದು ಗಂಟೆ ಬೇಯಿಸಿ. ಇಲ್ಲಿ ಸೌದೆ ಉಳಿಸಲು ಹೋದರೆ ಬೂಷ್ಟು ಖಂಡಿತ. ಬೆಂದ ಹುಲ್ಲನ್ನು ತೊಳೆದ ಪ್ಲಾಸ್ಟಿಕ್ ಹಾಳೆಯ ಮೇಲೆ ನೆರಳಲ್ಲಿ ಆರಿಸಿ. ಒಂದು ಹಿಡಿ ಹಿಂಡಿದರೆ ಕೈ ತೇವ ಆಗಬೇಕು, ನೀರು ತೊಟ್ಟಿಕ್ಕಬಾರದು. ಅದೇ ಹದ. ಪ್ಲಾಸ್ಟಿಕ್ ಚೀಲದಲ್ಲಿ ಒಂದು ಪದರ ಹುಲ್ಲು, ಅದರ ಮೇಲೆ ಬೀಜ, ಮತ್ತೆ ಹುಲ್ಲು, ಮತ್ತೆ ಬೀಜ. ಬಾಯಿ ಕಟ್ಟಿ, ಸುತ್ತ ಹತ್ತು ಹನ್ನೆರಡು ತೂತು ಹಾಕಿ.

ಅಣಬೆ ಬೀಜ ಅಂದ್ರೆ ನಿಜವಾದ ಬೀಜವಲ್ಲ. ಜೋಳದಂಥ ಕಾಳಿನ ಮೇಲೆ ಬೆಳೆಸಿದ ಅಣಬೆಯ ಬಿಳಿ ಎಳೆ. ಪೊಟ್ಟಣದ ಮೇಲೆ ತಯಾರಿಸಿದ ತಾರೀಖು ಇರುತ್ತದೆ. ಅದನ್ನು ನೀವೇ ಓದಿ. ಹಳೆಯದಾದರೆ, ಹಸಿರು ಕಪ್ಪು ಚುಕ್ಕೆ ಕಂಡರೆ ವಾಪಸ್ ಕೊಡಿ. ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ಅಣಬೆ ಬೀಜ ಮಾಡುತ್ತಾರೆ, ತರಬೇತಿಯನ್ನೂ ಕೊಡುತ್ತಾರೆ. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲೂ ವಿಚಾರಿಸಿ.

ಚೀಲ ಪೂರ್ತಿ ಬೆಳ್ಳಗಾದ ಮೇಲೆ ಬೆಳೆ ಕೋಣೆಗೆ ತನ್ನಿ. ಪ್ಲಾಸ್ಟಿಕ್ ಸೀಳಿ ತೂಗುಹಾಕಿ. ದಿನಕ್ಕೆ ಎರಡು ಮೂರು ಸಲ ನೀರು ಚಿಮುಕಿಸಿ. ಕೆಲವೇ ದಿನದಲ್ಲಿ ಗುಂಡುಸೂಜಿಯ ತಲೆಯಂಥ ಮೊಳಕೆ ಕಾಣುತ್ತದೆ. ಕಾಲು ಉದ್ದ ಆಗಿ ಕೊಡೆ ಚಿಕ್ಕದಾದರೆ ಗಾಳಿ ಸಾಲದು ಅಂತ ತಿಳಿಯಿರಿ. ಕಿಟಕಿ ತೆಗೆಯಿರಿ. ಅಂಚು ಒಣಗಿ ಸೀಳಿದರೆ ತೇವ ಸಾಲದು. ಅಂಚು ಮೇಲಕ್ಕೆ ಮಡಿಚುವ ಮೊದಲೇ ಕೀಳಬೇಕು. ಬಿಟ್ಟರೆ ಬಿಳಿ ಧೂಳು ಹಾರುತ್ತದೆ. ಅದು ಎದೆಗೆ ಹೋದರೆ ಕೆಮ್ಮು, ಉಬ್ಬಸ ಬರಬಹುದು. ಕೀಳುವಾಗ ಮೂಗಿಗೆ ಬಟ್ಟೆ ಕಟ್ಟಿ. ಮಲಗುವ ಕೋಣೆಯಲ್ಲಿ ಅಣಬೆ ಬೆಳೆಯಲೇಬೇಡಿ. ಉಬ್ಬಸ ಇರುವವರು ಈ ಕೆಲಸಕ್ಕೆ ಬರಬಾರದು.

ಒಂದು ಕಿಲೋ ಒಣಹುಲ್ಲಿಗೆ ಎರಡು ಮೂರು ಬೀಡು ಸೇರಿ ಅರ್ಧ ಕಿಲೋಗೆ ಮೇಲೆ ಅಣಬೆ ಸಿಗುತ್ತದೆ. ಆದರೆ ಹಸಿ ಅಣಬೆ ಟೊಮೆಟೊ ಅಲ್ಲ. ಹೊರಗೆ ಇಟ್ಟರೆ ಒಂದು ದಿನ, ಅಷ್ಟೇ. ಯಾರು ಕೊಳ್ಳುತ್ತಾರೆ ಅಂತ ಮೊದಲೇ ಕೇಳಿಕೊಳ್ಳಿ. ನಂಗಲಿ ದೊಡ್ಡ ರಸ್ತೆಯ ಮೇಲಿದೆ. ಮುಳಬಾಗಿಲು, ಕೋಲಾರ, ಆ ಕಡೆ ಪಲಮನೇರು, ಎಲ್ಲಿಯ ಹೋಟೆಲಾದರೂ ಸರಿ, ಹೋಗಿ ಮಾತಾಡಿ. ಉಳಿದದ್ದನ್ನು ಬಿಸಿಲಲ್ಲಿ ಒಣಗಿಸಬಹುದು. ಹತ್ತು ಕಿಲೋ ಒಣಗಿ ಒಂದು ಕಿಲೋ ಆಗುತ್ತದೆ.

"ಬೀಜ ನಾವೇ ಕೊಡ್ತೀವಿ, ಬೆಳೆ ನಾವೇ ಕೊಳ್ತೀವಿ, ಮೊದಲು ದುಡ್ಡು ಕಟ್ಟಿ" ಅಂತ ಯಾರಾದರೂ ಕಾಗದ ತಂದರೆ ಆತುರ ಬೇಡ. ಕಾಗದ ಮನೆಗೆ ತನ್ನಿ, ಪೂರ್ತಿ ಓದಿ. ಬೆಳೆ ಕೊಳ್ಳದಿದ್ದರೆ ಏನು ಅಂತ ಅದರಲ್ಲಿ ಬರೆದಿದೆಯಾ ನೋಡಿ. ತಿಳಿಯದ ಮಾತಿದ್ದರೆ ಸಂಜೆ ಕೇಂದ್ರಕ್ಕೆ ತನ್ನಿ, ಕೂತು ಓದೋಣ.

ಮುಂದಿನ ಜುಲೈ ತಿಂಗಳಲ್ಲಿ ನಾವು ಹತ್ತೇ ಚೀಲ ಕಟ್ಟಿದೆವು. ಬಾಗಿಲ ಬಳಿ ಉಷ್ಣಮಾಪಕ ತೂಗುಹಾಕಿದೆವು. ದಿನಾ ಮಧ್ಯಾಹ್ನ ಒಬ್ಬ ಅಕ್ಕ ಅದನ್ನು ನೋಡಿ ನೋಟ್ ಪುಸ್ತಕದಲ್ಲಿ ಬರೆದಳು. 25, 26, 25. ಹತ್ತರಲ್ಲಿ ಎಂಟು ಚೀಲ ಬೆಳ್ಳಗಾದವು. ಮೊದಲ ಬೀಡನ್ನು ಮಾರಲಿಲ್ಲ, ಎಲ್ಲರೂ ಹಂಚಿಕೊಂಡು ಸಾರು ಮಾಡಿದೆವು. ಎರಡನೆಯದು ಮುಳಬಾಗಿಲಿಗೆ ಹೋಯಿತು. ಬೆಳೆ ಮುಗಿದ ಚೀಲದ ಹುಲ್ಲನ್ನು ಎರೆಹುಳು ಗುಂಡಿಗೆ ಹಾಕಿದ್ದೇವೆ.