ಬಾಯಿ ಮುಚ್ಚದ ಬಲೆ

ಜಾರ್ಜ್ ಬ್ರೌನ್ ಗೂಡ್ ಸಂಪಾದಿಸಿ, ಅಮೆರಿಕ ಸರ್ಕಾರ 1880ರ ದಶಕದಲ್ಲಿ ಅಚ್ಚು ಹಾಕಿಸಿದ ಮೀನುಗಾರಿಕೆ ಸಂಪುಟಗಳಿವೆ. ತಲೆದಿಂಬಿಗಾದರೂ ಆದೀತು, ಅಷ್ಟು ದಪ್ಪ. ಅವುಗಳಲ್ಲಿ 1887ರ ಭಾಗಕ್ಕೆ ರಿಚರ್ಡ್ ರಾತ್‌ಬನ್ ಬರೆದ ಲಾಬ್‌ಸ್ಟರ್ ಅಧ್ಯಾಯದೊಳಗೆ ಸದ್ದಿಲ್ಲದೆ ಒಂದು ಬಲೆಯ ತಿಥಿ ನಡೆದುಹೋಗಿದೆ. ಬಲೆ ಇಂಥದ್ದು: ಎರಡೂವರೆ ಮೂರು ಅಡಿ ಅಗಲದ ಒಂದು ಕಬ್ಬಿಣದ ಬಳೆ, ಅದಕ್ಕೆ ಜೋಲುವ ಚೀಲದಂಥ ಬಲೆ, ಮೇಲೆ ಅಡ್ಡಡ್ಡ ಬಾಗಿಸಿದ ಎರಡು ಕಮಾನು, ಕಮಾನು ಕೂಡುವಲ್ಲಿ ತೂಗುವ ಮೀನಿನ ತುಂಡು. ಮೇನ್ ರಾಜ್ಯದ ತೀರದಲ್ಲಿ ಮರದ ಪಟ್ಟಿಯ ಬೋನು ಬರುವ ಮೊದಲು ಲಾಬ್‌ಸ್ಟರ್ ಹಿಡಿಯುತ್ತಿದ್ದದ್ದು ಇದರಲ್ಲೇ. ಆಮೇಲೆ ಬಿಟ್ಟರು. ಬಿಟ್ಟದ್ದಕ್ಕೆ ಕೊಟ್ಟ ಕಾರಣ ಓದಿ ನಾನು ಪುಸ್ತಕ ಮಡಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಈ ಬಲೆಗೆ ರಾತ್ರಿಯಿಡೀ ಒಬ್ಬ ಮನುಷ್ಯ ಕಾವಲಿರಬೇಕು ಎನ್ನುವುದೇ ಅದರ ತಪ್ಪು.

ಇರಲೇಬೇಕಲ್ಲ. ಬಾಯಿ ಮುಚ್ಚದ ಬಲೆ ಅದು. ಬಂದ ಅತಿಥಿ ಉಂಡು, ಮೀಸೆ ಒರೆಸಿಕೊಂಡು, ಬಂದ ದಾರಿಯಲ್ಲೇ ಎದ್ದು ಹೋಗಬಹುದು. ಮೇಲೆ ಕೂತವನು ಸರಿಯಾದ ಗಳಿಗೆಗೆ ಹಗ್ಗ ಎಳೆದರೆ ಬಲೆ, ಇಲ್ಲದಿದ್ದರೆ ಬಡಿಸಿಟ್ಟ ಬಾಳೆಲೆ. ಸಂಜೆಗೆ ಹೊರಟು, ಹತ್ತು ಹನ್ನೆರಡು ಬಲೆ ಇಳಿಸಿ, ಒಂದಾದ ಮೇಲೊಂದು ಎತ್ತುತ್ತ ಹೋಗಬೇಕು. ಬೋನಾದರೆ ಹಾಗಲ್ಲ, ಇಳಿಸಿ ಬಂದು ಮಲಗಿಬಿಡಬಹುದು. ವ್ಯಾಪಾರಕ್ಕೆ ನಿಂತವರು ನಿದ್ದೆಯನ್ನೇ ಆರಿಸಿಕೊಂಡರು. ನಾನಾದರೂ ಅದನ್ನೇ ಮಾಡುತ್ತಿದ್ದೆ.

(ರಾತ್‌ಬನ್‌ಗೊಬ್ಬಳು ತಂಗಿ, ಮೇರಿ ಜೇನ್. ಸ್ಮಿತ್‌ಸೋನಿಯನ್ ಸಂಸ್ಥೆಯಲ್ಲಿ ಕೂತು ಏಡಿಗಳಿಗೆ ಹೆಸರಿಡುತ್ತ ಆಯುಷ್ಯ ಕಳೆದವಳು. ಸಹಾಯಕನಿಗೆ ಸಂಬಳ ಸಿಗಲಿ ಎಂದು 1914ರಲ್ಲಿ ತನ್ನ ಹುದ್ದೆಗೆ ರಾಜೀನಾಮೆ ಕೊಟ್ಟು, ಮತ್ತೆ ಅದೇ ಮೇಜಿಗೆ ಬಂದು ಬಿಟ್ಟಿ ಕೆಲಸ ಮುಂದುವರಿಸಿದಳು. ಅಣ್ಣನ ಅಧ್ಯಾಯಕ್ಕಿಂತ ತಂಗಿಯ ಕಥೆ ದೊಡ್ಡದು. ಅದನ್ನು ಇನ್ನೊಂದು ಭಾನುವಾರಕ್ಕೆ ಇಟ್ಟುಕೊಳ್ಳುತ್ತೇನೆ.)

ಇಂಗ್ಲಿಷಿನಲ್ಲಿ ಆ ಬಲೆ ಹೂಪ್ ನೆಟ್. ನಾವು ಬಳೆಬಲೆ ಎನ್ನೋಣ, ನಾಲಿಗೆ ತೊಡರಿದರೆ ತೊಡರಲಿ. ಮೇನ್‌ನಲ್ಲಿ ಎಳ್ಳುನೀರು ಬಿಡಿಸಿಕೊಂಡ ಈ ಬಲೆ ಖಂಡದ ಇನ್ನೊಂದು ತುದಿಯಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ, ಇವತ್ತು ಜೀವಂತ. ಜೀವಂತ ಮಾತ್ರವಲ್ಲ, ಕಾನೂನಿನ ರಕ್ಷಣೆಯಲ್ಲಿದೆ. ಅಲ್ಲಿ ಬೋನು ಇಳಿಸುವ ಹಕ್ಕು ಪರವಾನಗಿ ಪಡೆದ ವೃತ್ತಿಯವರಿಗೆ ಮಾತ್ರ. ಮನೆಯ ಊಟಕ್ಕೆಂದು ಹಿಡಿಯುವವರಿಗೆ ಎರಡೇ ದಾರಿ. ಮುಳುಗಿ ಬರಿಗೈಯಲ್ಲಿ ಹಿಡಿಯಬೇಕು, ಇಲ್ಲವೇ ಬಳೆಬಲೆ ಇಳಿಸಬೇಕು. ಇಳಿಸಿದ ಬಲೆಯನ್ನು ಎರಡು ಗಂಟೆಯೊಳಗೆ ಎತ್ತಿ ನೋಡಲೇಬೇಕು. ಮೇನ್‌ನವರು ಯಾವ ತಪ್ಪಿಗೆ ಅದನ್ನು ಎಸೆದರೋ ಅದೇ ಇಲ್ಲಿ ಅದರ ಅರ್ಹತೆ. ಮನುಷ್ಯ ಎದ್ದಿರುವಷ್ಟು ಹೊತ್ತು ಮಾತ್ರ ಹಿಡಿಯುವ ಬಲೆ.

ಸ್ಯಾನ್ ಡಿಯಾಗೋದಲ್ಲಿರುವ ನನ್ನ ತಂಗಿಯ ಮಗ ಕಂಪ್ಯೂಟರ್ ಕೆಲಸದವನು. ಅಕ್ಟೋಬರ್ ಬಂತೆಂದರೆ ಅವನಿಗೆ ಬೇರೆಯದೇ ಹುಚ್ಚು. ಅಕ್ಟೋಬರ್ ಮೊದಲಿನಿಂದ ಮಾರ್ಚ್ ನಡುವಿನವರೆಗೆ ಅಲ್ಲಿ ಲಾಬ್‌ಸ್ಟರ್ ಕಾಲ. ಅವನ ಗರಾಜಿನಲ್ಲಿ ಕಾರಿಗೆ ಜಾಗವಿಲ್ಲ, ಇಬ್ಬರು ಕೂರುವ ಪ್ಲಾಸ್ಟಿಕ್ ಕಯಾಕ್ ಮಲಗಿದೆ. ನಾನು ಹೋದ ವಾರ ಅಮಾವಾಸ್ಯೆ. ಬೆಳದಿಂಗಳಿದ್ದರೆ ಲಾಬ್‌ಸ್ಟರ್‌ಗಳು ಕಲ್ಲುಬಿರುಕು ಬಿಟ್ಟು ಹೊರಗೆ ಬರಲು ಹಿಂದೇಟು ಹಾಕುತ್ತವಂತೆ. ‘ಮಾವ, ನೀವು ಹುಟ್ಟು ಹಾಕಿ ಸಾಕು, ಹಗ್ಗ ಮುಟ್ಬೇಡಿ. ನಿಮ್ಗೆ ಲೈಸೆನ್ಸ್ ಇಲ್ಲೆ,’ ಎಂದ. ನಾನು ಮಧ್ಯಾಹ್ನವೇ ಮುಟ್ಟಿ ಆಗಿತ್ತು.

ಆಗಿದ್ದು ಇಷ್ಟೇ. ಐದು ಬಲೆ, ಒಂದೊಂದಕ್ಕೆ ನೂರಡಿ ಹಗ್ಗ, ಹಗ್ಗದ ತುದಿಗೆ ಹೊಳೆಯುವ ಪಟ್ಟಿ ಸುತ್ತಿದ ಒಂದು ತೇಲುಬುರುಡೆ. ಹಗ್ಗವೆಲ್ಲ ಬಕೇಟಿನೊಳಗೆ ಹೇಗೆಂದರೆ ಹಾಗೆ ಬಿದ್ದಿತ್ತು. ಹುಡುಗನಿಗೆ ಅಚ್ಚುಕಟ್ಟು ಸಾಲದು ಎಂದುಕೊಂಡು, ನಮ್ಮೂರಲ್ಲಿ ಬಾವಿಹಗ್ಗ ಸುತ್ತುವ ಹಾಗೆ ಹೆಬ್ಬೆರಳಿಗೂ ಮೊಣಕೈಗೂ ಸುತ್ತಿ, ಚಂದ ಸಿಂಬಿ ಮಾಡಿ, ಒಂದರ ಮೇಲೊಂದು ಪೇರಿಸಿದೆ. ರಾತ್ರಿ ಶೆಲ್ಟರ್ ಐಲ್ಯಾಂಡಿನಿಂದ ನೀರಿಗಿಳಿದೆವು. (ಹೆಸರಿಗೆ ದ್ವೀಪ, ಅಸಲಿಗೆ ಕೊಲ್ಲಿಯ ಹೂಳೆತ್ತಿ ಸುರಿದ ದಿಬ್ಬ.) ಮೊದಲನೇ ಬಲೆ ಸರಿಯಾಗಿ ಹೋಯಿತು. ಎರಡನೆಯದು ಇಳಿಯುತ್ತಿದ್ದ ಹಾಗೆ ಮೂರನೆಯದರ ಸಿಂಬಿಯನ್ನೂ ಎಳೆದುಕೊಂಡು, ಅದು ಹುಡುಗನ ಪಾದದ ಸುತ್ತ ಹಾವಿನಂತೆ ಬಂತು. ಕಯಾಕ್ ಒಮ್ಮೆ ಎಡಕ್ಕೆ ವಾಲಿತು. ಅವನು ಚಾಕು ತೆಗೆದು ಹಗ್ಗ ಕತ್ತರಿಸಿದ. ಎರಡನೇ ಬಲೆ ಇನ್ನೂ ಆ ಕೊಲ್ಲಿಯ ತಳದಲ್ಲೇ ಇದೆ.

ಅವನು ಬಯ್ಯಲಿಲ್ಲ. ಬಯ್ದಿದ್ದರೆ ಹಗುರಾಗುತ್ತಿತ್ತು. ‘ಹಗ್ಗ ಸುತ್ತೂಕಾಗ ಮಾವ, ಬೀಳ್ಸ್ಕ್,’ ಎಂದ ಅಷ್ಟೆ. ಮೇಲೆಳೆಯುವಾಗ ಮೊದಲು ಕೈಗೆ ಬರುವುದು ತೇಲುಬುರುಡೆಯ ತುದಿ. ಅದು ಬಕೇಟಿನ ತಳಕ್ಕೆ ಹೋಗುತ್ತದೆ. ಕೊನೆಗೆ ಬರುವ ಬಲೆಯ ಕಡೆಯ ತುದಿ ಮೇಲಿರುತ್ತದೆ. ಮತ್ತೆ ಇಳಿಸುವಾಗ ಬಲೆ ಮೊದಲು ಹೋಗಬೇಕು, ಅದರ ಹಗ್ಗ ಮೇಲೇ ಇದೆ. ಬಿದ್ದ ಹಾಗೆ ಬಿಟ್ಟರೆ ಒಂದೂ ಸಿಕ್ಕಾಗದು. ಅಚ್ಚುಕಟ್ಟು ಮಾಡಿದ ಕ್ಷಣವೇ ಗಂಟು. ಬಲೆಗಳಿಗೂ ಇದೇ ಲೆಕ್ಕ. ತಟ್ಟೆ ಜೋಡಿಸಿದಂತೆ ಒಂದರೊಳಗೊಂದು, ಮೊದಲು ಇಳಿಯುವುದು ಮೇಲೆ, ಒಂದೊಂದರ ಮೇವು ಅದರದರ ನಡುವೆ ಮೊದಲೇ ಕಟ್ಟಿರಬೇಕು. ಮೇವೆಂದರೆ ಬಂಗುಡೆಯ ಜಾತಿಯ ಮೀನೋ ಸಾಲ್ಮನ್ ತಲೆಯೋ, ಅದೂ ಗಟ್ಟಿ ಜಾಲರಿಯ ಡಬ್ಬಿಯೊಳಗೆ. ಬಿಡಿಯಾಗಿ ಕಟ್ಟಿದರೆ ಸೀಲಯನ್‌ಗಳು ಬಲೆ ತಳ ಮುಟ್ಟುವ ಮೊದಲೇ ಬಂದು ಬೋಣಿ ಮಾಡಿಬಿಡುತ್ತವೆ.

ಕಯಾಕಿನಲ್ಲಿ ಹಗ್ಗ ಎಲ್ಲಿಡುವುದು ಎಂಬುದು ಹಳೇ ಪ್ರಶ್ನೆ, ಜೀವದ ಪ್ರಶ್ನೆ. ಗ್ರೀನ್‌ಲ್ಯಾಂಡಿನ ಇನ್ಯುಟ್ ಬೇಟೆಗಾರ ಸೀಲ್ ಚರ್ಮ ಹೊದಿಸಿದ ತನ್ನ ಕಯಾಕಿನಲ್ಲಿ ಎದೆಯ ಮುಂದೆ ಒಂದು ಪುಟ್ಟ ಪೀಠ ಇಟ್ಟುಕೊಳ್ಳುತ್ತಿದ್ದ. ಈಟಿಯ ಹಗ್ಗ ಅದರ ಮೇಲೆ ಸುರುಳಿಯಾಗಿ ಇರುತ್ತಿತ್ತು. ಹಗ್ಗದ ಇನ್ನೊಂದು ತುದಿಯಲ್ಲಿ ಊದಿದ ಸೀಲ್ ಚರ್ಮದ ತೇಲು, ಹೆಸರು ಅವತಾಕ್. ಅದು ಬೆನ್ನ ಹಿಂದೆ. ಈಟಿ ನೆಟ್ಟ ಪ್ರಾಣಿ ಓಡಿದರೆ ಮುಂದಿನ ಸುರುಳಿ ಬಿಚ್ಚಿಕೊಳ್ಳಬೇಕು, ಅದು ಮುಗಿಯುವುದರೊಳಗೆ ಹಿಂದಿನ ತೇಲನ್ನು ನೀರಿಗೆ ತಳ್ಳಬೇಕು. ಒಂದು ಸುತ್ತು ಕೈಗೋ ಹುಟ್ಟಿಗೋ ತೊಡರಿದರೆ ಮನುಷ್ಯನೇ ತೇಲಾಗುತ್ತಾನೆ, ಕೆಲವೊಮ್ಮೆ ಅದೂ ಆಗುವುದಿಲ್ಲ. ಹಗ್ಗದಲ್ಲಿ ಸಿಕ್ಕಿ ಮಗುಚಿದರೆ ಏಳುವುದು ಹೇಗೆಂದು ಮನೆಯ ಬಳಿ ಕಟ್ಟಿದ ಹಗ್ಗಗಳ ಮೇಲೆ ಲಾಗ ಹಾಕಿ ಮೈ ಪಳಗಿಸುವ ಪದ್ಧತಿ ಅಲ್ಲಿ ಇವತ್ತಿಗೂ ಆಟವಾಗಿ ಉಳಿದಿದೆ. ನನ್ನ ಮಧ್ಯಾಹ್ನದ ಸಿಂಬಿಗಳನ್ನು ಅವರು ನೋಡಿದ್ದರೆ ದೋಣಿಗೇ ಹತ್ತಿಸುತ್ತಿರಲಿಲ್ಲ.

ಆದರೆ ಆ ಕಯಾಕ್ ಮೈಗೆ ತೊಡುವ ಅಂಗಿ ಇದ್ದ ಹಾಗೆ. ಸೊಂಟದವರೆಗೆ ಮುಚ್ಚಿದ್ದು. ಅದರ ಮೇಲೆ ಐದು ಬಳೆ ಪೇರಿಸಲು ಆಗದು. ಆಗುವಂತೆ ಮಾಡಿದ್ದು 1971ರ ಮಾಲಿಬು. ಟಿಮ್ ನೀಮಿಯರ್ ಎಂಬ ಹುಡುಗ ಹಳೆಯ ಸರ್ಫ್ ಹಲಗೆಯೊಂದನ್ನು ಕೆತ್ತಿ ಕೂರಲು ಗುಳಿ ಮಾಡಿದ. ಮುಳುಗುವ ಹುಚ್ಚಿನವನು, ಹಾಗಾಗಿ ಬೆನ್ನ ಹಿಂದೆ ಗಾಳಿ ತುಂಬಿದ ಸಿಲಿಂಡರ್ ಮಲಗಿಸಲು ಇನ್ನೊಂದು ಗುಳಿ. ಒಳಗೆ ಹೋಗಿ ಕೂರುವುದಿಲ್ಲ, ಮೇಲೆ ಕೂರುವುದು. ಅಲೆ ಹೊಡೆದರೆ ನೀರು ತೂತುಗಳಿಂದ ಇಳಿದುಹೋಗುತ್ತದೆ. ಮುಂದೆ ಓಷನ್ ಕಯಾಕ್ ಎಂಬ ಕಂಪನಿಯಾಗಿ, ಅಚ್ಚಿನ ಪ್ಲಾಸ್ಟಿಕ್ಕಿನಲ್ಲಿ ಅದು ಜಗತ್ತೆಲ್ಲ ಹಬ್ಬಿತು. ಇವತ್ತಿಗೂ ಆ ಹಿಂದಿನ ಗುಳಿಯ ಹೆಸರು ‘ಟ್ಯಾಂಕ್ ವೆಲ್’. ಅದರಲ್ಲಿ ಟ್ಯಾಂಕ್ ಇಡುವವರು ಈಗ ಅಪರೂಪ. ತಂಗಿಯ ಮಗನ ಐದು ಬಲೆ ಕೂತದ್ದು ಅಲ್ಲೇ. ಮುಳುಗಿ ಹಿಡಿಯುವವನಿಗಾಗಿ ಕೆತ್ತಿದ ಗುಳಿ ಅವನ ಎದುರಾಳಿಯ ಪಾಲಾಯಿತು.

ಎದುರಾಳಿ ಎಂದದ್ದು ಸುಮ್ಮನೆ ಅಲ್ಲ. 1992ರಲ್ಲಿ ಸರ್ಕಾರದವರು ಸಮೀಕ್ಷೆ ನಡೆಸಿದಾಗ ಹವ್ಯಾಸಿಗಳ ಪೈಕಿ ಹೆಚ್ಚು ಹಿಡಿಯುತ್ತಿದ್ದವರು ಮುಳುಗುವವರು. 2007ರ ಸಮೀಕ್ಷೆಯಲ್ಲಿ ಲೆಕ್ಕ ತಲೆಕೆಳಗಾಗಿ, ಬಳೆಬಲೆಯವರು ಬಹಳ ಮುಂದಿದ್ದರು. ಈ ನಡುವೆ ಬಲೆಗೇ ಒಂದು ಹೊಸ ಅವತಾರ ಬಂದಿತ್ತು.

ಹಳೇ ಬಲೆ ತಳಕ್ಕೆ ಹೋದ ಮೇಲೆ ಚಪ್ಪಟೆ ಮಲಗುತ್ತದೆ, ದೊಡ್ಡ ಬಳೆ, ಚಿಕ್ಕ ಬಳೆ, ನಡುವೆ ಮೇವು. ಎಳೆದಾಗ ಮಾತ್ರ ಬುಟ್ಟಿಯಾಗುತ್ತದೆ. ಹಾಗಾಗಿ ಎಳೆಯುವುದೇ ಒಂದು ವಿದ್ಯೆ. ಕಯಾಕನ್ನು ತೇಲುಬುರುಡೆಯ ನೆತ್ತಿಗೆ ತರಬೇಕು, ಓರೆಯಾದರೆ ಬಲೆ ಮಗುಚುತ್ತದೆ. ಸಡಿಲ ಹಗ್ಗವನ್ನು ಮಗುವಿನ ತೊಟ್ಟಿಲಿನಿಂದ ಕೈ ತೆಗೆಯುವ ಹಾಗೆ ಮೆಲ್ಲಗೆ ತೆಗೆದು, ಭಾರ ಹತ್ತಿದ ಕೂಡಲೇ ಒಂದೇ ಜಗ್ಗು, ಆಮೇಲೆ ಉಸಿರು ಬಿಡದೆ ಕೈ ಮೇಲೆ ಕೈ. ಲಾಬ್‌ಸ್ಟರ್ ಹೆದರಿದರೆ ಬಾಲ ಬಡಿದು ಹಿಮ್ಮುಖ ಚಿಮ್ಮುತ್ತದೆ. ಅದಕ್ಕೆ ಬೇಕಾದದ್ದು ಅರೆಗಳಿಗೆ. ಹೊಸ ಬಲೆಗೆ ಈ ತಾಪತ್ರಯವಿಲ್ಲ. ಕೆಳಗೆ ದೊಡ್ಡ ಬಳೆ, ಮೇಲೆ ಚಿಕ್ಕ ಬಳೆ, ನಡುವೆ ಗಟ್ಟಿ ಕಡ್ಡಿಗಳು, ಬಲೆ ಸದಾ ಗೋಪುರದಂತೆ ನಿಂತೇ ಇರುತ್ತದೆ. ಬದಿಯಲ್ಲಿ ಹತ್ತಿ ಬಂದ ಪ್ರಾಣಿ ಮೇಲಿನ ಬಾಯಿಂದ ಒಳಗೆ ಬೀಳುತ್ತದೆ, ಹೊರಟುಹೋಗುವುದು ಅಷ್ಟು ಸುಲಭವಲ್ಲ. 2009ರಲ್ಲಿ ಸರ್ಕಾರದ ಜೀವಶಾಸ್ತ್ರಜ್ಞರೇ ಎರಡನ್ನೂ ಅಕ್ಕಪಕ್ಕ ಇಳಿಸಿ ನೋಡಿದರು. ಹೊಸದು ಹಿಡಿದದ್ದು ಹಳೆಯದರ ಒಂದೂವರೆ ಪಟ್ಟು ಆಸುಪಾಸು.

ಹಾಗಾದರೆ ಇದು ಬಲೆಯೋ, ಬಾಗಿಲು ಕಿತ್ತ ಬೋನೋ? ಜಗಳದ ಹೂರಣ ಇದೇ. ನನ್ನನ್ನು ಕೇಳಿದರೆ ಬೋನೇ. ಸರ್ಕಾರ ನನ್ನನ್ನು ಕೇಳಲಿಲ್ಲ. ನಿಷೇಧಿಸಲೂ ಇಲ್ಲ, ಟೇಪು ಹಿಡಿದು ಅಳೆಯಿತು. ಚಪ್ಪಟೆಯದು ‘ಎ’ ಬಗೆ, ನಿಂತಿರುವುದು ‘ಬಿ’ ಬಗೆ. ‘ಬಿ’ಯ ಬಳೆ 36 ಅಂಗುಲ ಮೀರಬಾರದು, ಮೇಲಿನ ಬಾಯಿ 15 ಅಂಗುಲಕ್ಕಿಂತ ಕಿರಿದಾಗಬಾರದು, ಎತ್ತರ 10 ಅಂಗುಲದೊಳಗೆ, ಕಡ್ಡಿ ಆರಕ್ಕಿಂತ ಹೆಚ್ಚಿರಬಾರದು. ಒಬ್ಬನಿಗೆ ಐದು ಬಲೆ, ದೋಣಿಯಲ್ಲಿ ಎಷ್ಟೇ ಜನರಿದ್ದರೂ ಹತ್ತು. ದಿನಕ್ಕೆ ಏಳು ಲಾಬ್‌ಸ್ಟರ್. 2008ರಿಂದ ಹಿಡಿದದ್ದನ್ನೆಲ್ಲ ಚೀಟಿಯಲ್ಲಿ ಬರೆದು ಒಪ್ಪಿಸಬೇಕು. 2017ರಿಂದ ತೇಲುಬುರುಡೆಯ ಮೇಲೆ ಹಿಡಿಯುವವನ ಗುರುತಿನ ಸಂಖ್ಯೆ ಇರಬೇಕು. ತಂಗಿಯ ಮಗನ ಐದೂ ಬಲೆ ‘ಬಿ’ ಬಗೆಯವೇ. ಪೇರಿಸಲು ಸುಲಭವಂತೆ, ಎಳೆಯುವಾಗ ಅವಸರವೂ ಇಲ್ಲವಂತೆ. ನಾನು ಎರಡನ್ನೂ ಒಪ್ಪುತ್ತೇನೆ. ಅವನ ಗರಾಜಿನ ಗೋಡೆಗೆ ನೇತುಹಾಕಿದ ಒಂದು ಹಳೇ ಚಪ್ಪಟೆ ಬಲೆಯಿದೆ, ತುಕ್ಕು ಹಿಡಿದ ಬಳೆಗೆ ಜೇಡ ತನ್ನದೊಂದು ಬಲೆ ಸೇರಿಸಿದೆ. ಅದನ್ನು ಎಳೆಯಲು ಬರುತ್ತದಾ ಎಂದು ಕೇಳಿದೆ. ‘ಯೂಟ್ಯೂಬಲ್ಲಿ ಕಂಡಿದೆ,’ ಎಂದ.

ಆ ರಾತ್ರಿ ಉಳಿದ ನಾಲ್ಕು ಬಲೆಗಳಲ್ಲಿ ಮೂರನೇ ಸುತ್ತಿಗೆ ಒಂದು ಬಂತು. ಮೇನ್‌ನವರಿಗೆ ದೊಡ್ಡ ಕೊಂಡಿಯ ಲಾಬ್‌ಸ್ಟರ್, ಇಲ್ಲಿಯದಕ್ಕೆ ಕೊಂಡಿಯೇ ಇಲ್ಲ, ಮೈತುಂಬ ಮುಳ್ಳು. ನಮ್ಮ ಕರಾವಳಿಯಲ್ಲಿ ಸಿಗುವುದರ ದಾಯಾದಿ. ಹಣೆಯ ಮೇಲಿನ ದೀಪಕ್ಕೆ ಕೆಂಪು ಮಿಂಚಿ, ಕೈಗವಸಿನಲ್ಲಿ ಹಿಡಿದೊಡನೆ ಕಿರ್‍ರ್ ಎಂದು ಕೂಗಿತು. ಬಾಯಿಂದಲ್ಲ. ಮೀಸೆಯ ಬುಡವನ್ನು ಕಣ್ಣಿನ ಕೆಳಗಿನ ಏಣಿಗೆ ಉಜ್ಜಿ. ಪಿಟೀಲಿನ ಕಮಾನು ತಂತಿಯ ಮೇಲೆ ಕಚ್ಚಿ ಜಾರುವ ತತ್ತ್ವವೇ ಅದು ಎಂದು ಶೀಲಾ ಪಟೆಕ್ ಎಂಬ ವಿಜ್ಞಾನಿ 2001ರಲ್ಲಿ ತೋರಿಸಿಕೊಟ್ಟಿದ್ದಾರೆ. ಹುಡುಗ ಹಿತ್ತಾಳೆಯ ಅಳತೆಪಟ್ಟಿ ಇಟ್ಟ. ಬೆನ್ನಿನ ಚಿಪ್ಪು ಮೂರೂಕಾಲು ಅಂಗುಲ ಇರಬೇಕು. ಅಷ್ಟು ಬೆಳೆಯಲು ಅದಕ್ಕೆ ಏಳೆಂಟು ವರ್ಷವಾದರೂ ಬೇಕು. ಪಟ್ಟಿ ಚಿಪ್ಪಿನ ಮೇಲೆ ಸಡಿಲವಾಗಿ ಜಾರಿತು. ಕೂದಲೆಳೆಯಷ್ಟು ಕಡಿಮೆ. ಇನ್ನೊಮ್ಮೆ ಇಟ್ಟು ನೋಡಿದ. ಆಮೇಲೆ ಬದಿಗೆ ಬಾಗಿ ನೀರಿಗೆ ಬಿಟ್ಟ.

ಗಂಗೊಳ್ಳಿಯ ಕಡೆ, ಪಂಚಗಂಗಾವಳಿಯ ದಡದಲ್ಲಿ, ನಾನು ಚಿಕ್ಕವನಿದ್ದಾಗ ಏಡಿ ಹಿಡಿಯುತ್ತಿದ್ದದ್ದೂ ಇದೇ ಬಲೆಯಲ್ಲಿ. ಸೈಕಲ್ಲಿನ ಹಳೇ ರಿಮ್ಮಿಗೆ ಹರಿದ ಬಲೆ ಬಿಗಿದು, ನಡುವೆ ಮೀನಿನ ತಲೆ ಕಟ್ಟಿ, ಮೂರು ಹುರಿಯಲ್ಲಿ ಇಳಿಬಿಡುವುದು. ಎಳೆಯುವ ಗಳಿಗೆ ಯಾವುದೆಂದು ಅಕ್ಕಪಕ್ಕ ಕೂತ ನಾಲ್ವರಲ್ಲಿ ಐದು ಅಭಿಪ್ರಾಯ. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋದಾಗ ಅದೇ ದಡದಲ್ಲಿ ಒಬ್ಬ ಹುಡುಗ ಕೊಡೆಯಂತೆ ಮಡಚುವ ನೈಲಾನ್ ಬೋನು ಎತ್ತುತ್ತಿದ್ದ. ಆನ್‌ಲೈನಿನಲ್ಲಿ ತರಿಸಿದ್ದಂತೆ, ಸುತ್ತ ಒಳಮುಖದ ಬಾಯಿಗಳು. ರಾತ್ರಿ ಇಳಿಸಿ ಮನೆಗೆ ಹೋಗಿ ಮಲಗಿ, ಬೆಳಿಗ್ಗೆ ಎಂಟಕ್ಕೆ ಬಂದಿದ್ದ. ಒಳಗೆ ಮೂರು ಏಡಿ. ಅಂಗೈಯಗಲದ್ದು ಒಂದು, ರೂಪಾಯಿ ನಾಣ್ಯಕ್ಕಿಂತ ಸ್ವಲ್ಪ ದೊಡ್ಡವು ಎರಡು. ಚಿಕ್ಕವುಗಳಲ್ಲಿ ಒಂದಕ್ಕೆ ಕಾಲುಗಳಿರಲಿಲ್ಲ. ರಾತ್ರಿಯಿಡೀ ದೊಡ್ಡದಕ್ಕೆ ಬೇರೇನೂ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ.